ಗುಳಗಿ, ಲಿವರ್, ಮತ್ತ ನಮ್ಮವ್ವನ ಕಷಾಯ



ಈ ವಾರ ಗೋವಿನಜೋಳದ ಲದ್ದಿಹುಳದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಸುಳಿಯೊಳಗ ಹುಳ ಕಾಣಾಕ ಹತ್ತೈತಿ, ಶಿಗ್ಗಾಂವ ಕಡೆಯವ್ರು, ಸವಣೂರ ಕಡೆಯವ್ರು ಬಾಳ ಮಂದಿ ಫೋಟೋ ಕಳಿಸೀರಿ. ಅದನ್ನ ಮುಂದಿನ ವಾರ ಬರೀತೀನಿ. ಇವತ್ತಿಂದು ಬ್ಯಾರೆ ವಿಷಯ. ಹೊಲದ್ದಲ್ಲ, ನನ್ನ ಮೈಯಿಂದು.

ಮೊನ್ನೆ ಸೋಮವಾರ ಮುಂಜಾನೆ ಎಡೆ ಹೊಡೆಯಾಕ ಎತ್ತು ಹೂಡಿದ್ದೆ. ಹಿರೇಕೆರೂರ ಕಡೆಯಿಂದ ಒಬ್ರು ಫೋನ್ ಮಾಡಿದ್ರು. ಈ ಪೇಜ್ ಓದೋವ್ರ. ಪ್ರತಿ ವರ್ಷ ಬೀಜದ ವಿಷಯ ಕೇಳತಿರ್ತಾರ. ಅವತ್ತು ದನಿ ಸಣ್ಣಾಗಿತ್ತು. "ಅಣ್ಣಾರ, ನಮ್ಮ ಹುಡುಗಗ ರಕ್ತದ ಕ್ಯಾನ್ಸರ್ ಅಂತ ಹೇಳ್ಯಾರ. ದಿನಾ ಒಂದು ಗುಳಗಿ ಕೊಟ್ಟಾರ. ಎರಡು ತಿಂಗಳಾತು. ಈಗ ಕಣ್ಣು ಹಳದಿ ಆಗ್ಯಾವ. ಕಾಮಣಿ ಆಗೈತಿ ಅಂತ ನಾಟಿ ಔಷಧ ಕೊಡಸಾಕ ಹೊಂಟೀವಿ. ನಿಮಗ ಗೊತ್ತಿರೋ ಚಲೋ ಔಷಧದವ್ರು ಯಾರರ ಅದಾರೇನ್ರಿ?"

ಅವ್ರಿಗೆ ನನ್ನ ವಿಷಯ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಈ ಪೇಜಿನಾಗ ಬೀಜ, ಗೊಬ್ಬರ, ಮಳಿ, ಮಾರುಕಟ್ಟಿ ಎಲ್ಲಾ ಬರದೀನಿ, ಇದೊಂದು ಮಾತ್ರ ಬಚ್ಚಿಟ್ಟಿದ್ದೆ. ನೊಗ ಕೆಳಗಿಟ್ಟು, ಬದುವಿನ ಮ್ಯಾಲ ಕುಂತು ಅವ್ರಿಗೆ ಅರ್ಧ ತಾಸು ಹೇಳಿದೆ. ಫೋನ್ ಇಟ್ಟ ಮ್ಯಾಲ ಅನಸ್ತು, ಒಬ್ರಿಗೆ ಹೇಳಿದ್ದನ್ನ ಎಲ್ಲಾರಿಗೂ ಹೇಳಬೇಕಾಗಿತ್ತು ಅಂತ. ಅದಕ್ಕ ಬರೀತಿದೀನಿ.

ನನಗೂ ಅದ ರೋಗ ಐತ್ರಿ. ಮೂರೂವರೆ ವರ್ಷ ಆತು.

2021ರ ಸುಗ್ಗಿಯೊಳಗ ಗೊತ್ತಾತು. ಗೋವಿನಜೋಳದ ಚೀಲ ಎತ್ತಬೇಕಾದ್ರ ಉಸಿರು ಕಟ್ಟತಿತ್ತು. ನಾಲ್ಕು ತುತ್ತು ಉಣ್ಣೂದ್ರಾಗ ಹೊಟ್ಟಿ ತುಂಬಿದಂಗ ಆಗತಿತ್ತು. ಎಡಗಡೆ ಪಕ್ಕೆಲುಬಿನ ಕೆಳಗ ಕಲ್ಲು ಇಟ್ಟಂಗ ಭಾರ. ವಯಸ್ಸು ನಲವತ್ನಾಕು, ದಣಿವು ಇರತೈತಿ ಅಂತ ಬಿಟ್ಟೆ. ಹಾನಗಲ್ಲದಾಗ ರಕ್ತ ತಪಾಸಣಿ ಮಾಡಿಸಿದಾಗ ಲ್ಯಾಬಿನ ಹುಡುಗ ಎರಡನೇ ಸಲ ರಕ್ತ ತಗೊಂಡ. ಬಿಳಿರಕ್ತಕಣ 4,000ದಿಂದ 11,000 ಇರಬೇಕು. ನಂದು 1,80,000 ಇತ್ತು. ಅಂವಾ ಮಷಿನ್ ಕೆಟ್ಟೈತಿ ಅಂತ ತಿಳಿದಿದ್ದ.

ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಹೋದ ಮ್ಯಾಲ ಹೆಸರು ತಿಳೀತು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಸಣ್ಣದಾಗಿ ಸಿಎಮ್‌ಎಲ್. ರಕ್ತದ ಕ್ಯಾನ್ಸರ್‌ದಾಗ ನಿಧಾನಕ್ಕ ಬೆಳೆಯೋ ಜಾತಿ. ಎಡಗಡೆ ಭಾರ ಆಗಿದ್ದು ಗುಲ್ಮ ಊದಿಕೊಂಡಿದ್ದಕ್ಕ.

ಮೊದಲ ಕೇಳಿದ್ದು ನೀವೂ ಕೇಳೋದ ಪ್ರಶ್ನಿ: "ಸರ್, ಇಪ್ಪತ್ತು ವರ್ಷದಿಂದ ಎಣ್ಣಿ ಹೊಡೀತೀನಿ, ಅದಕ್ಕ ಬಂತೇನ್ರಿ?" ಡಾಕ್ಟರ್ ಹೇಳಿದ್ರು, ಈ ಜಾತಿ ರೋಗಕ್ಕ ಬಾಳ ಮಂದಿಯೊಳಗ ಕಾರಣಾನ ಸಿಗಂಗಿಲ್ಲ, ಖಾತ್ರಿ ಆಗಿರೋದು ಅತಿಯಾದ ವಿಕಿರಣ ಒಂದ, ಹಿರೋಶಿಮಾದಾಗ ಬಾಂಬ್ ಬಿದ್ದ ಮ್ಯಾಲ ಕಂಡಂಗ. ಅಪ್ಪನಿಂದ ಮಗಗ ಬರೋ ರೋಗಾನೂ ಅಲ್ಲ, ಮುಟ್ಟಿದ್ರ ಅಂಟೂದೂ ಅಲ್ಲ. ಹಂಗಂತ ಎಣ್ಣಿ ಹೊಡಿಯುವಾಗ ಮಾಸ್ಕ್ ಬಿಡಬ್ಯಾಡ್ರಿ, ಅದು ಬ್ಯಾರೆ ಲೆಕ್ಕ.

ರೋಗ ಏನಂತ ನನಗ ತಿಳಿದಷ್ಟು ಹೇಳತೀನಿ. ನಮ್ಮ ಮೈಯಾಗಿನ ಪ್ರತಿ ಕಣದೊಳಗ ವರ್ಣತಂತುಗಳು ಅದಾವ. ಈ ರೋಗದಾಗ 9ನೇದ್ದರ ತುಂಡು, 22ನೇದ್ದರ ತುಂಡು ಅದಲು ಬದಲಾಗಿ ಕೂಡಿಬಿಡತಾವ. 1960ರಾಗ ಅಮೆರಿಕದ ಫಿಲಡೆಲ್ಫಿಯಾ ಊರಾಗ ಇಬ್ರು ಸಂಶೋಧಕರು ಆ ಗಿಡ್ಡ ವರ್ಣತಂತು ಮೊದಲ ಗುರುತಿಸಿದ್ರು, ಅದಕ್ಕ ಆ ಊರಿನ ಹೆಸರ ಬಿತ್ತು. ತುಂಡು ಅದಲು ಬದಲಾಗಿದ್ದು ಅಂತ 1973ರಾಗ ಜಾನೆಟ್ ರೌಲಿ ಅನ್ನೋ ಡಾಕ್ಟರಮ್ಮ ತೋರಿಸಿದ್ರು. ತಪ್ಪಾಗಿ ಕೂಡಿದ ಜಾಗದಿಂದ ಬಿಸಿಆರ್-ಎಬಿಎಲ್ ಅನ್ನೋ ಒಂದು ಪ್ರೋಟೀನ್ ಹುಟ್ಟತೈತಿ. ಬೋರಿನ ಸ್ಟಾರ್ಟರ್ ಸುಟ್ಟು ಆನ್‌ದಾಗ ಕಚ್ಚಿಕೊಂಡ್ರ ಮೋಟಾರ್ ಹಂಗ ಓಡತಿರತೈತಲ್ಲಾ, ಅಂಥಾದ್ದು. ಬಿಳಿಕಣ ಹುಟ್ಟತಾನ ಇರತಾವ, ನಿಲ್ಲೋ ಮಾತ ಇಲ್ಲ.

ಗುಳಗಿ ಹೆಸರು ಇಮ್ಯಾಟಿನಿಬ್. ಕೀಮೋದಂಗ ಮೈಯಾಗ ಬೆಳೆಯೋ ಎಲ್ಲಾ ಕಣಕ್ಕೂ ಹೊಡಿಯಂಗಿಲ್ಲ. ಆ ಕಚ್ಚಿಕೊಂಡ ಸ್ಟಾರ್ಟರಿನೊಳಗ ಹೋಗಿ ಕುಂತು ಅದನ್ನ ಆಫ್ ಮಾಡತೈತಿ. 2001ರಾಗ ಅಮೆರಿಕದಾಗ ಒಪ್ಪಿಗಿ ಸಿಕ್ತು. ಅದಕ್ಕಿಂತ ಮೊದಲು ಈ ರೋಗ ಬಂದವ್ರಿಗೆ ಬೋನ್ ಮ್ಯಾರೋ ಬದಲಿ ಮಾಡಿಸೋದು ಬಿಟ್ರ, ಕೆಲವ ವರ್ಷದ ಆಯುಷ್ಯ. ಈಗ ಗುಳಗಿ ತಪ್ಪದ ತಗೊಂಡು, ರೋಗ ಹಿಡಿತಕ್ಕ ಬಂದವ್ರಲ್ಲಿ ಬಾಳ ಮಂದಿ ಉಳಿದವ್ರಂಗ ಬಾಳತಾರ, ದುಡೀತಾರ.

ಇದು ನಮ್ಮಂಥವ್ರ ಕೈಗೆ ಸಿಗಾಕೂ ಒಂದು ಕಥಿ ಐತಿ. ನೊವಾರ್ಟಿಸ್ ಕಂಪನಿಯ ಗುಳಗಿ, ಗ್ಲಿವೆಕ್, ಒಂದು ತಿಂಗಳಿಗೆ ಸುಮಾರು 1,20,000 ರೂಪಾಯಿ ಇತ್ತು. ನಮ್ಮ ದೇಶದ ಕಂಪನಿಗಳು ಅದ ಔಷಧಾನ 8,000ದಿಂದ 10,000ಕ್ಕ ಮಾಡಿ ಕೊಡತಿದ್ವು. ಪೇಟೆಂಟ್ ತಮಗ ಬೇಕು ಅಂತ ಆ ಕಂಪನಿ ಸುಪ್ರೀಂ ಕೋರ್ಟ್ ತನಕ ಹೋತು. 2013ರ ಏಪ್ರಿಲ್ 1ಕ್ಕ ಕೋರ್ಟು ಕೊಡಂಗಿಲ್ಲ ಅಂತ ತೀರ್ಪು ಹೇಳಿತು. ಹಳೇ ಔಷಧದ ರೂಪ ಸ್ವಲ್ಪ ಬದಲು ಮಾಡಿ, ಗುಣದಾಗ ಹೆಚ್ಚಿನ ಉಪಯೋಗ ತೋರಿಸದ ಪೇಟೆಂಟ್ ಕೇಳಿದ್ರ ನಡಿಯಂಗಿಲ್ಲ ಅಂತ ನಮ್ಮ ಕಾನೂನಿನ 3(ಡಿ) ಕಲಮು ಐತಿ. ಮುಂಬೈಯ ಕ್ಯಾನ್ಸರ್ ರೋಗಿಗಳ ನೆರವಿನ ಸಂಸ್ಥೆಯೊಂದು ಮೊದಲಿಂದ ಈ ಅರ್ಜಿ ವಿರುದ್ಧ ನಿಂತಿತ್ತು. ಬೀಜದ ಪೇಟೆಂಟ್ ಬಗ್ಗೆ ನಾವು ಕಟ್ಟಿ ಮ್ಯಾಲ ಕುಂತು ಜಗಳಾಡತೀವಲ್ಲಾ, ಗುಳಗಿ ಪೇಟೆಂಟಿನ ಮ್ಯಾಲ ಜೀವಾನ ನಿಂತಿತ್ತು. ಕಂಪನಿಯ ಆ ರೇಟಿನಾಗ ತಗೋಬೇಕಾಗಿದ್ರ ನನ್ನ ನಾಲ್ಕು ಎಕರೆ ಒಂದ ವರ್ಷದಾಗ ಹೋಗತಿತ್ತು.

ಇನ್ನ ಲಿವರಿನ ಮಾತಿಗೆ ಬರತೀನಿ.

2022ರ ಜನವರಿಯಿಂದ 400 ಮಿಲಿಗ್ರಾಂ ಗುಳಗಿ ಶುರು ಆತು. ಊಟ ಆದ ಮ್ಯಾಲ, ದೊಡ್ಡ ಲೋಟ ನೀರಿನ ಜೊತಿ, ದಿನಾ ಒಂದ ಹೊತ್ತಿಗೆ. ಶುರು ಮಾಡೋಕಿಂತ ಮೊದಲು ಲಿವರ್ ತಪಾಸಣಿ, ಹೆಪಟೈಟಿಸ್ ಬಿ ತಪಾಸಣಿ ಎಲ್ಲಾ ಮಾಡಿದ್ರು. ಹೆಪಟೈಟಿಸ್ ಬಿ ಮೈಯಾಗ ಮಲಗಿದ್ರ ಈ ಜಾತಿ ಗುಳಗಿ ಅದನ್ನ ಎಬ್ಬಿಸಬಹುದು, ಅದಕ್ಕ. ನಂದರಾಗ ಇರಲಿಲ್ಲ. ಲಿವರಿನ ಎಸ್‌ಜಿಪಿಟಿ ಅನ್ನೋ ಲೆಕ್ಕ 26 ಇತ್ತು. ನಮ್ಮ ಲ್ಯಾಬಿನಾಗ 40ರ ತನಕ ಸರಿ. "ಪ್ರತಿ ತಿಂಗಳು ಈ ರಕ್ತ ತಪಾಸಣಿ ತಪ್ಪಬಾರದು" ಅಂದ್ರು ಡಾಕ್ಟರ್. ಹೂಂ ಅಂದೆ.

ಮೊದಲ ತಿಂಗಳು ಮುಂಜಾನೆ ಎದ್ರ ಕಣ್ಣಿನ ರೆಪ್ಪಿ ಊದಿರತಿದ್ವು. ರಾತ್ರಿ ಮೀನಖಂಡದಾಗ ಸೆಳಕು ಹಿಡೀತಿತ್ತು. ಇವೆಲ್ಲಾ ಗುಳಗಿಯಿಂದ ಬರೋವ, ಹೇಳಿದ್ರು. ಬಿಳಿಕಣ ಮಾತ್ರ ಸರಸರ ಇಳದು ಒಂದು ತಿಂಗಳಿನಾಗ 9,000ಕ್ಕ ಬಂತು. ಎಸ್‌ಜಿಪಿಟಿ 38. ನಮ್ಮ ಮನಿಯಾಕಿ ಹಾನಗಲ್ಲದ ತಾರಕೇಶ್ವರನ ಗುಡಿಗೆ ಹೋಗಿ ಕಾಯಿ ಒಡಿಸಿ ಬಂದಳು.

ಊರಾಗ ಯಾರಿಗೂ ಹೇಳಲಿಲ್ಲ. ಹುಬ್ಬಳ್ಳಿಗೆ ಹೋಗೋ ದಿನ "ಟ್ರ್ಯಾಕ್ಟರ್ ಸಾಮಾನು ತರಾಕ" ಅಂತಿದ್ದೆ. ಕ್ಯಾನ್ಸರ್ ಅಂದ್ರ ಮಗಳ ಸಂಬಂಧ ಮುರೀತೈತಿ, ಸೊಸೈಟಿಯವ್ರು ಸಾಲ ಕೊಡಾಕ ಹಿಂದ ಮುಂದ ನೋಡತಾರ, ಇದ ಭಯ. ಮುಚ್ಚಿಟ್ಟಿದ್ದರ ಬೆಲಿ ಆಮ್ಯಾಲ ಕೊಟ್ಟೆ. ಯಾರಿಗೂ ಗೊತ್ತಿರದಿದ್ರ, ತಪ್ಪು ಮಾಡಿದಾಗ ತಿದ್ದೋವ್ರೂ ಇರಂಗಿಲ್ಲ.

ಫೆಬ್ರವರಿ ನಡಕ ಮೈ ಕೈ ನೋವು ಜೋರಾತು. ಆಗ ನಮ್ಮ ಮಾವಿನ ಗಿಡ ಹೂವಿನಾಗ ಇದ್ವು. ಜಿಗಿಹುಳಕ್ಕ ಎಣ್ಣಿ ಹೊಡೀಬೇಕು, ಮೈ ಏಳಂಗಿಲ್ಲ. ನಮ್ಮೂರ ಅಂಗಡಿಯಾಗ ಪ್ಯಾರಾಸಿಟಮಾಲ್ ತಗೊಂಡು ಮುಂಜಾನೆ ಒಂದು, ಸಂಜೀಕ ಒಂದು ನುಂಗತಿದ್ದೆ. ಜ್ವರದ ಗುಳಗಿ, ಮಕ್ಕಳಿಗೂ ಕೊಡತಾರ, ಇದರಿಂದೇನು ಅಂತ.

ಅದ ಹೊತ್ತಿಗೆ ನಮ್ಮವ್ವ ಕಷಾಯ ಶುರು ಮಾಡಿದಳು.

ಅವ್ವಗ ಎಪ್ಪತ್ತು ದಾಟೈತಿ. ಕೊರೊನಾ ಟೈಮಿನಾಗ ಟಿವಿಯೊಳಗ, ಮೊಬೈಲಿನಾಗ ಎಲ್ಲಾ ಕಡೆ ಅಮೃತಬಳ್ಳಿ ಅಮೃತಬಳ್ಳಿ ಅಂತಿದ್ರಲ್ಲಾ, ಆಗಿಂದ ಕಲಿತಿದ್ದು. ನಮ್ಮ ಬದುವಿನ ಬೇವಿನ ಗಿಡಕ್ಕ ಆ ಬಳ್ಳಿ ಹಬ್ಬೈತಿ. ನಸುಕಿನಾಗ ಎದ್ದು, ಬೆರಳು ಗಾತ್ರದ ಬಳ್ಳಿ ಕೊಯ್ದು, ಜಜ್ಜಿ, ಕುದಿಸಿ, ಸೋಸಿ ಒಂದು ಗ್ಲಾಸ್ ಕೊಡತಿದ್ದಳು. ಮಗನಿಗೆ ದೊಡ್ಡ ರೋಗ ಬಂದೈತಿ, ತನ್ನ ಕೈಲಿ ಏನೂ ಆಗವಲ್ದು. ದವಾಖಾನ್ಯಾಗಿನ ಮಾತು ತಿಳಿಯಂಗಿಲ್ಲ. ಈ ಒಂದು ಗ್ಲಾಸ್ ಮಾತ್ರ ಅವಳ ಕೈಯಾಗಿತ್ತು. ಬ್ಯಾಡ ಅನ್ನಾಕ ನನಗ ಮನಸ್ಸಾಗಲಿಲ್ಲ. ಬ್ಯಾಡ ಅನ್ನಬೇಕು ಅಂತ ಗೊತ್ತೂ ಇರಲಿಲ್ಲ.

ಮಾರ್ಚ್ ಮೊದಲ ವಾರದಾಗ ಎಸ್‌ಜಿಪಿಟಿ 78 ಬಂತು. "ಸ್ವಲ್ಪ ಏರೈತಿ, ಇಷ್ಟಕ್ಕ ಹೆದರೋದು ಬ್ಯಾಡ, ಹದಿನೈದು ದಿನಕ್ಕ ಮತ್ತ ಮಾಡಿಸ್ರಿ" ಅಂದ್ರು. ಹದಿನೈದು ದಿನಕ್ಕ ನಾನು ಹೋಗಲಿಲ್ಲ. ಮಾವಿನ ವ್ಯಾಪಾರಸ್ಥರು ಬರೋ ಹೊತ್ತು, ಹಿಂದ ಯುಗಾದಿ. ಯುಗಾದಿ ಮುಗಿಸಿಕೊಂಡು ಏಪ್ರಿಲ್ ಮೊದಲ ವಾರದಾಗ ಹೋದೆ. ಅಷ್ಟರಾಗ ಊಟ ಸೇರತಿರಲಿಲ್ಲ, ಉಚ್ಚಿ ಕಡು ಹಳದಿ ಬರತಿತ್ತು. ಬಿಸಲಿನ ತಾಪ, ನೀರು ಕಡಿಮಿ ಕುಡದೀನಿ ಅಂತ ನನಗ ನಾನ ಸಮಾಧಾನ ಹೇಳಿಕೊಂಡಿದ್ದೆ.

ಅವತ್ತು ರಿಪೋರ್ಟು: ಎಸ್‌ಜಿಪಿಟಿ 412. ಬಿಲಿರುಬಿನ್ 3.9. ಅದು 1.2ರ ಒಳಗ ಇರಬೇಕು.

ಅವ್ವ ನನ್ನ ಜೊತಿ ಬಂದಿದ್ದಳು, ಬಾಜು ಕುರ್ಚಿಯಾಗ ಕುಂತಿದ್ದಳು. ಡಾಕ್ಟರ್ ರಿಪೋರ್ಟ್ ನೋಡಿ, ಕಣ್ಣಿನ ಕೆಳಗ ಎಳೆದು ನೋಡಿ, ನಿಧಾನಕ್ಕ ಕೇಳಿದ್ರು: "ಈ ಗುಳಗಿ ಬಿಟ್ಟು ಬ್ಯಾರೆ ಏನು ತಗೋತೀರಿ? ನೋವಿನ ಗುಳಗಿ, ನಾಟಿ ಔಷಧ, ಕಷಾಯ, ಪೌಡರ್, ದಾರೂ, ಏನಿದ್ರೂ ಹೇಳ್ರಿ."

"ಏನೂ ಇಲ್ರಿ ಸರ್" ಅಂದೆ.

ಯಾಕ ಹಂಗಂದೆ ಅಂತ ಇವತ್ತಿಗೂ ನನಗ ಪೂರ್ತಿ ತಿಳಿದಿಲ್ಲ. ಬೈತಾರ ಅನ್ನೋ ಹೆದರಿಕಿ ಒಂದು. ಬಾಜುಕ ಅವ್ವ ಕುಂತಿದ್ದಳು, ಅವಳ ಮುಂದ ಅವಳ ಕಷಾಯದ ಹೆಸರು ಹೇಳಿ ಅವಳನ್ನ ತಪ್ಪುಗಾರ್ತಿ ಮಾಡಾಕ ಬಾಯಿ ಬರಲಿಲ್ಲ, ಇನ್ನೊಂದು.

ಡಾಕ್ಟರ್ ಬರಕೊಂಡ್ರು. ಹಂಗಾದ್ರ ಇದು ಗುಳಗಿಯಿಂದಾನ ಆಗಿರಬೇಕು, ಈಗ ನಿಲ್ಲಸ್ತೀನಿ, ನಿಮಗ ಇದು ಒಗ್ಗಂಗಿಲ್ಲ ಅನಸ್ತೈತಿ, ಬ್ಯಾರೆ ಗುಳಗಿಗೆ ಬದಲಿ ಮಾಡೋ ವಿಚಾರ ಮಾಡಬೇಕಾಗತೈತಿ ಅಂದ್ರು. ಆಗ ಅವ್ವ ಕೈಚೀಲಕ್ಕ ಕೈ ಹಾಕಿದಳು. ಹುಬ್ಬಳ್ಳಿಯೊಳಗ ನಮ್ಮ ಸಂಬಂಧಿಕರ ಮನ್ಯಾಗ ರಾತ್ರಿ ಉಳಿಯೋದಿತ್ತು, ಮುಂಜಾನೆ ಕುದಿಸಾಕ ಬೇಕಂತ ಬಳ್ಳಿ ತುಂಡು ಪೇಪರಿನಾಗ ಸುತ್ತಿ ತಂದಿದ್ದಳು. ಅದನ್ನ ಟೇಬಲ್ ಮ್ಯಾಲ ಇಟ್ಟು ಅಂದಳು: "ಸಾಹೇಬ್ರ, ನನ ಮಗ ಸುಳ್ಳ ಹೇಳ್ಯಾನ. ಇದನ್ನ ದಿನಾ ನಾನ ಕುಡಿಸೇನ್ರಿ. ಒಂದೂವರಿ ತಿಂಗಳಾತು. ನನ್ನಿಂದ ಆತೇನ್ರಿ ಇದು?"

ಕೋಣ್ಯಾಗ ಯಾರೂ ಮಾತಾಡಲಿಲ್ಲ. ಆಮ್ಯಾಲ ಪ್ಯಾರಾಸಿಟಮಾಲ್ ವಿಷಯಾನೂ ನಾನ ಹೇಳಿದೆ.

ಡಾಕ್ಟರ್ ಅವ್ವನ್ನ ಬೈಲಿಲ್ಲ. "ಅವ್ವಾರ, ನೀವು ಹೇಳಿದ್ದು ಬಾಳ ಚಲೋ ಆತು. ಹೇಳದ ಇದ್ರ ನಾನು ತಪ್ಪು ದಾರಿ ಹಿಡೀತಿದ್ದೆ" ಅಂದ್ರು. ನನ್ನ ಕಡೆ ಮಾತ್ರ ಒಂದು ನೋಟ ನೋಡಿದ್ರು. ಅದು ಸಾಕಾತು.

ಅವ್ರು ಹೇಳಿದ್ದನ್ನ ನಮ್ಮ ಹೊಲದ ಭಾಷೆಯೊಳಗ ಹೇಳತೀನಿ. ಗೋವಿನಜೋಳ ಬಿತ್ತಿ ಎರಡು ಮೂರು ದಿನದಾಗ ಅಟ್ರಾಜಿನ್ ಹೊಡೀತೀವಿ. ಕಸ ಸಾಯತೈತಿ, ಜೋಳ ಉಳೀತೈತಿ. ಯಾಕ? ಎಣ್ಣಿ ಕಸಕ್ಕಷ್ಟ ಹೋಗಿ, ಜೋಳಾನ ಮುಟ್ಟಲಿಲ್ಲ ಅಂತಲ್ಲ. ಜೋಳಾನೂ ಅದನ್ನ ಬೇರಿಂದ ಹೀರಿಕೊಂಡಿರತೈತಿ. ಆದ್ರ ಒಳಗ ಹೋದ ವಿಷಾನ ಒಡದು ಹಾಕೋ ಶಕ್ತಿ ಅದಕ್ಕೈತಿ, ಕಸಕ್ಕಿಲ್ಲ. ಅದ ಎಣ್ಣಿ ತೊಗರಿ ಸಾಲಿಗೆ ಬಿದ್ರ ತೊಗರಿ ಸುಟ್ಟು ಹೋಗತೈತಿ.

ನನ್ನ ಗುಳಗಿನೂ ಹಂಗ. ಗುರಿ ಇಟ್ಟು ಹೊಡಿಯೋ ಔಷಧ ಅಂದ್ರ ಗುರಿಗಷ್ಟ ಹೋಗತೈತಿ ಅಂತ ನಾನು ತಿಳಿದಿದ್ದೆ. ಹಂಗಲ್ಲ. ನುಂಗಿದ ಗುಳಗಿ ಮೊದಲು ಲಿವರಿಗೆ ಹೋಗಿ, ಅಲ್ಲಿಂದ ಮೈಯೆಲ್ಲಾ ಹರಡತೈತಿ. ದಿನಾ ಅದನ್ನ ಒಡದು ಹೊರಗ ಹಾಕೋ ಕೆಲಸ ಲಿವರಿಂದು. ಬಾಳ ಮಂದಿಗೆ ಏನೂ ಆಗಂಗಿಲ್ಲ, ಇಲ್ಲಾ ಲೆಕ್ಕ ಸ್ವಲ್ಪ ಏರಿ ತಾನ ಇಳೀತೈತಿ. ನೂರಕ್ಕ ಬೆರಳೆಣಿಕಿ ಮಂದಿಗೆ ಮಾತ್ರ ಜೋರಾಗಿ ಏರತೈತಿ, ಅದೂ ಹೆಚ್ಚಾಗಿ ಮೊದಲ ಕೆಲವು ತಿಂಗಳಿನಾಗ. ಅದರ ಮ್ಯಾಲ ನಾವು ನೋವಿನ ಗುಳಗಿ, ಬಳ್ಳಿ, ಬೇರು, ದಾರೂ ಅಂತ ಹೇರಿಕೋತ ಹೋದ್ರ, ಒಬ್ಬನ ಆಳಿನ ಮ್ಯಾಲ ನಾಲ್ಕು ಆಳಿನ ಕೆಲಸ ಹೊರಿಸಿದಂಗ. ಇಮ್ಯಾಟಿನಿಬ್ ಜೊತಿ ಜ್ವರಕ್ಕಂತ ದಿನಾ ಪ್ಯಾರಾಸಿಟಮಾಲ್ ತಗೊಂಡ ಒಬ್ಬ ರೋಗಿ ಲಿವರ್ ಕೆಟ್ಟು ತೀರಿಕೊಂಡಿದ್ದು ಆ ಔಷಧದ ಮಾಹಿತಿ ಪತ್ರದಾಗ ಬರದೈತಿ ಅಂತ ತೋರಿಸಿದ್ರು.

ಅಮೃತಬಳ್ಳಿ ವಿಷಯಾನೂ ಹೇಳಿದ್ರು. ಕೊರೊನಾ ಟೈಮಿನಾಗ ಅದನ್ನ ಕುಡದು ಲಿವರ್ ಕೆಟ್ಟ 6 ಮಂದಿ ರೋಗಿಗಳ ಬಗ್ಗೆ 2021ರಾಗ ಮುಂಬೈ ಡಾಕ್ಟರ್‌ಗಳು ಬರದಾರ. ಆಮ್ಯಾಲ 2022ರಾಗ ದೇಶದ 13 ದವಾಖಾನಿಗಳಿಂದ ಇಂಥಾ 43 ಮಂದಿ ಲೆಕ್ಕ ಬಂತು. ಆಯುಷ್ ಸಚಿವಾಲಯ ಇದನ್ನ ಒಪ್ಪಲಿಲ್ಲ. ನಿಜವಾದ ಅಮೃತಬಳ್ಳಿ ಸುರಕ್ಷಿತ, ಅದರಂಗ ಕಾಣೋ ಬ್ಯಾರೆ ಜಾತಿ ಬಳ್ಳಿ ಕುಡದಿರಬೇಕು ಅಂತ ಹೇಳಿತು. ಆ ವಾದ ದೊಡ್ಡವ್ರು ನೋಡಿಕೊಳ್ಳಲಿ. ನಮ್ಮಂಥವ್ರಿಗೆ ಇಷ್ಟು ಸಾಕು: ಬದುವಿನ ಮ್ಯಾಲಿನ ಬಳ್ಳಿ ಯಾವ ಜಾತಿ ಅಂತ ನಮಗ ಗೊತ್ತಿಲ್ಲ, ಅದು ಕ್ಯಾನ್ಸರ್ ಗುಳಗಿ ಜೊತಿ ಏನು ಮಾಡತೈತಿ ಅಂತಾನೂ ಗೊತ್ತಿಲ್ಲ.

ಗುಳಗಿ ನಿಲ್ಲಿಸೋಕ ಒಂದು ಲೆಕ್ಕ ಐತಿ. ಎಸ್‌ಜಿಪಿಟಿ ಮೇಲ್ಮಿತಿಯ ಐದು ಪಟ್ಟು ದಾಟಿದ್ರ, ಇಲ್ಲಾ ಬಿಲಿರುಬಿನ್ ಮೂರು ಪಟ್ಟು ದಾಟಿದ್ರ ನಿಲ್ಲಸ್ತಾರ. ನಂದು ಎರಡೂ ದಾಟಿದ್ವು. ಎಸ್‌ಜಿಪಿಟಿ ಎರಡೂವರೆ ಪಟ್ಟಿನ ಕೆಳಗ, ಬಿಲಿರುಬಿನ್ ಒಂದೂವರೆ ಪಟ್ಟಿನ ಕೆಳಗ ಇಳಿದ ಮ್ಯಾಲ ಕಡಿಮಿ ಡೋಸಿನಿಂದ ಮತ್ತ ಶುರು ಮಾಡತಾರ. ಅಂದ್ರ ನಿಲ್ಲಿಸೋದು ಕಾಯಂ ಅಲ್ಲ. ಆದ್ರ ಆ ನಿರ್ಧಾರ ಡಾಕ್ಟರದ್ದು. ನಾವ ನಿಲ್ಲಿಸಿ, ನಾವ ಶುರು ಮಾಡೋದಲ್ಲ.

ಹೆಪಟೈಟಿಸ್ ಎಲ್ಲಾ ಜಾತಿ ತಪಾಸಣಿ ಮತ್ತ ಮಾಡಿದ್ರು, ಸ್ಕ್ಯಾನ್ ಮಾಡಿದ್ರು. ಏನೂ ಇರಲಿಲ್ಲ. ಮೂರು ದಿನ ಇಟಗೊಂಡು ಮನಿಗೆ ಕಳಿಸಿದ್ರು. ವಾರಕ್ಕೊಮ್ಮೆ ಹಾನಗಲ್ಲದಾಗ ರಕ್ತ ಕೊಟ್ಟು ರಿಪೋರ್ಟ್ ವಾಟ್ಸಾಪ್ ಮಾಡೋದು.

ಆ ನಾಲ್ಕು ವಾರ ನನ್ನ ಜೀವನದಾಗ ಕಷ್ಟದ ವಾರ. ಗುಳಗಿ ತಗೊಂಡ್ರ ಲಿವರ್ ಹೋಗತೈತಿ, ತಗೊಳ್ಳಲಿಲ್ಲಂದ್ರ ರೋಗ ಏಳತೈತಿ. ರಾತ್ರಿ ಎಡಗಡೆ ಪಕ್ಕಿ ಮುಟ್ಟಿ ಮುಟ್ಟಿ ನೋಡಕೋತಿದ್ದೆ, ಕಲ್ಲು ಮತ್ತ ಬಂತಾ ಅಂತ. ಕಣ್ಣು ಹಳದಿ ಆದದ್ದು ಮುಚ್ಚಿಡಾಕ ಬರಂಗಿಲ್ಲ. ಊರವ್ರು "ಕಾಮಣಿ ಆಗೈತಿ" ಅಂದ್ರು. ಸವಣೂರಿನ ನಮ್ಮ ಅತ್ತಿ ಬಂದಳು, ಅಲ್ಲೆ ಒಬ್ರು ಔಷಧ ಕೊಡತಾರ, ಮೂರ ದಿನದಾಗ ಇಳೀತೈತಿ, ಗಾಡಿ ಹತ್ತು ಅಂತ ಹಟ ಹಿಡದಳು. ನನಗೂ ಮನಸ್ಸು ಅತ್ತಿತ್ತ ಆತು. ಮುಂದ ಡಾಕ್ಟರನ್ನ ಇದರ ಬಗ್ಗೆ ಕೇಳಿದಾಗ ಅವ್ರು ಹೇಳಿದ್ದು ನೆನಪಿಡ್ರಿ: ಕೆಟ್ಟ ನೀರಿನಿಂದ ಬರೋ ಸಾಮಾನ್ಯ ಕಾಮಣಿ ಹೆಚ್ಚಿನ ಮಂದಿಗೆ ಕೆಲವು ವಾರದಾಗ ತಾನ ಇಳೀತೈತಿ. ಹಂಗ ಇಳಿದಾಗ ಹೆಸರು ಔಷಧಕ್ಕ ಹೋಗತೈತಿ. ಗುಳಗಿಯಿಂದ ಬಂದ ಕಾಮಣಿಗೆ ಮತ್ತೊಂದು ಗೊತ್ತಿಲ್ಲದ ಔಷಧ ಹಾಕಿದ್ರ ಉರಿಯೋ ಬೆಂಕಿಗೆ ಸೊಪ್ಪಿ ಹಾಕಿದಂಗ.

ಅವತ್ತು ಅತ್ತಿನ್ನ ತಡದಾಕಿ ನಮ್ಮವ್ವ. "ನನ ಕೈಲೆ ಒಂದು ಸಲ ಆಗೈತಿ. ಎರಡನೇ ಸಲ ಆಗಗೊಡಂಗಿಲ್ಲ" ಅಂದಳು. ಮತ್ತ ಒಳಗ ಹೋಗಿ ಅತ್ತಳು. ನನಗ ಕೇಳಸ್ತು.

ಲೆಕ್ಕ ಇಳಿಯಾಕ ಹತ್ತಿತು. 412 ಇದ್ದದ್ದು 260, ಆಮ್ಯಾಲ 131, ನಾಲ್ಕನೇ ವಾರಕ್ಕ 82. ಬಿಲಿರುಬಿನ್ 1.4. ಮೇ ತಿಂಗಳಿನಾಗ 300 ಮಿಲಿಗ್ರಾಂದಿಂದ ಮತ್ತ ಶುರು ಮಾಡಿದ್ರು, 100ರ ಮೂರು ಗುಳಗಿ. ಮೊದಲ ವಾರ ರಕ್ತ ಕೊಡುವಾಗ ಕೈ ನಡುಗತಿತ್ತು. 54 ಬಂತು. ಮುಂದ 35. ರೋಹಿಣಿ ಮಳಿ ಬಿದ್ದು, ಬಿತ್ತಿಗಿ ಮುಗಿಸಿ, ಎಡೆ ಹೊಡಿಯೋ ಹೊತ್ತಿಗೆ 400ಕ್ಕ ಏರಿಸಿದ್ರು. ಅವತ್ತಿಂದ ಇವತ್ತಿನ ತನಕ ಎಸ್‌ಜಿಪಿಟಿ 40 ದಾಟಿಲ್ಲ.

ರೋಗದ ಕಣ ಎಷ್ಟು ಉಳದಾವ ಅಂತ ನೋಡೋ ಬಿಸಿಆರ್-ಎಬಿಎಲ್ ತಪಾಸಣಿ ಬ್ಯಾರೆ ಐತಿ. ಮೂರು ತಿಂಗಳಿಗೆ 10 ಪರ್ಸೆಂಟಿನ ಕೆಳಗ, ವರ್ಷಕ್ಕ 0.1ಕ್ಕ ಬರಬೇಕು ಅನ್ನೋದು ಗುರಿ. ನಡಕ ನಿಂತಿದ್ದಕ್ಕ ಆರು ತಿಂಗಳಿಂದು ಸ್ವಲ್ಪ ತಡ ಆಗಿತ್ತು. ವರ್ಷ ತುಂಬಿದಾಗ 0.08 ಬಂತು. ಬದುಕಿದೆ ಅನಸ್ತು.

ಹಂಗಾದ್ರ ಲಿವರ್ ಕೆಡಿಸಿದ್ದು ಯಾವುದು? ಕಷಾಯನಾ, ಪ್ಯಾರಾಸಿಟಮಾಲಾ, ಗುಳಗಿಯಾ, ಇಲ್ಲಾ ಮೂರೂ ಕೂಡಿನಾ? ಡಾಕ್ಟರ್ ಇವತ್ತಿಗೂ ಖಾತ್ರಿ ಹೇಳಂಗಿಲ್ಲ. ಮೂರನ್ನೂ ಒಮ್ಮೆಲೆ ನಿಲ್ಲಿಸಿದ್ವಿ, ಹಿಂಗಾಗಿ ಬಿಡಿಸಿ ಹೇಳಾಕ ಬರಂಗಿಲ್ಲ. ಗುಳಗಿ ಒಂದನ್ನ ಮತ್ತ ಶುರು ಮಾಡಿದ್ರೂ ಲಿವರ್ ಸುಮ್ಮನಿರೋದರಿಂದ ಉಳಿದವ್ರ ಮ್ಯಾಲ ಸಂಶಯ ಜಾಸ್ತಿ, ಅಷ್ಟ. ಇದನ್ನ ಅವ್ವಗ ನಾನು ಹಿಂಗ ಹೇಳೀನಿ: "ಯವ್ವಾ, ನಿನ್ನ ಕಷಾಯನ ಅಂತ ಯಾರೂ ಹೇಳಿಲ್ಲ. ಆದ್ರ ನಾ ಹೇಳಿದ ಸುಳ್ಳು ಮಾತ್ರ ಖರೆ." ಆಕಿ ಅದಕ್ಕ ಏನೂ ಅನ್ನಲಿಲ್ಲ. ಒಂದು ದಿನ ಕುಡಗೋಲು ತಗೊಂಡು ಬೇವಿನ ಗಿಡದ ಬಳ್ಳಿ ಬುಡಕ್ಕ ಹೊಂಟಿದ್ದಳು. ಬ್ಯಾಡ ಅಂದೆ. ಬಳ್ಳಿ ಏನು ತಪ್ಪು ಮಾಡೈತಿ. ಈಗೂ ಐತಿ, ಈ ಮಳಿಗೆ ಚಿಗುರೈತಿ.

ನಮ್ಮ ಕಡೆ ಯಾರರ ಮನ್ಯಾಗ ಈ ಗುಳಗಿ ತಗೊಳ್ಳೋವ್ರು ಇದ್ರ, ನನ್ನ ಅನುಭವದಿಂದ ಇಷ್ಟು ಹೇಳತೀನಿ. ನಾನು ಡಾಕ್ಟರ್ ಅಲ್ಲ, ಪೆಟ್ಟು ತಿಂದ ರೈತ.

ಒಂದು. ಲಿವರ್ ತಪಾಸಣಿ ದಿನಾಂಕ ಕ್ಯಾಲೆಂಡರಿನಾಗ ಬರದಿಡ್ರಿ. ಸುಗ್ಗಿ ಇರಲಿ, ಜಾತ್ರಿ ಇರಲಿ, ತಪ್ಪಿಸಬ್ಯಾಡ್ರಿ. ಹದಿನೈದು ದಿನ ಅಂದ್ರ ಹದಿನೈದ ದಿನ. ನಾನು ಅವತ್ತು ಹೋಗಿದ್ರ 78 ಇದ್ದದ್ದು 412 ಆಗತಿರಲಿಲ್ಲ.

ಎರಡು. ಕಣ್ಣು ಹಳದಿ, ಉಚ್ಚಿ ಕಡು ಹಳದಿ, ಊಟ ಸೇರದಿರೋದು, ಮೈ ತುರಿಕಿ, ಬಲಗಡೆ ಪಕ್ಕಿ ಕೆಳಗ ನೋವು, ಇವು ಕಂಡ್ರ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬ್ಯಾಡ್ರಿ. ಅವತ್ತ ಫೋನ್ ಮಾಡ್ರಿ, ಅವತ್ತ ಹೋಗ್ರಿ.

ಮೂರು. ಡಾಕ್ಟರಿಗೆ ಎಲ್ಲಾ ಹೇಳ್ರಿ. ಕಷಾಯ, ಬೇರು, ಪೌಡರ್, ನೋವಿನ ಗುಳಗಿ, ಟಿಬಿ ಇಲ್ಲಾ ಫಿಟ್ಸ್ ಗುಳಗಿ, ದಾರೂ, ಎಲ್ಲಾ. ಕೆಲವು ಗುಳಗಿ ಇದರ ಬಲ ಏರಸ್ತಾವ, ಕೆಲವು ಇಳಸ್ತಾವ. ಬಾಯಿ ಬರಲಿಲ್ಲಂದ್ರ ಚೀಲದಾಗ ಹಾಕ್ಕೊಂಡು ಹೋಗಿ ಟೇಬಲ್ ಮ್ಯಾಲ ಇಡ್ರಿ, ನಮ್ಮವ್ವನಂಗ.

ನಾಲ್ಕು. ಹೆದರಿ ಗುಳಗಿ ತಾವ ನಿಲ್ಲಿಸಬ್ಯಾಡ್ರಿ. ಲಿವರ್ ತಪ್ಪಿಸಾಕ ಹೋಗಿ ರೋಗಕ್ಕ ದಾರಿ ಬಿಟ್ಟಂಗ ಆಗತೈತಿ. ಇದು ಒಗ್ಗಲಿಲ್ಲಂದ್ರ ಡಾಸಾಟಿನಿಬ್, ನಿಲೋಟಿನಿಬ್ ಅಂತ ಬ್ಯಾರೆ ಗುಳಗಿ ಅದಾವ. ದಾರಿ ಮುಚ್ಚಿಲ್ಲ.

ಐದು. ರೊಕ್ಕದ ವಿಷಯ. ಬಿಪಿಎಲ್ ಕಾರ್ಡ್ ಇದ್ದವ್ರು ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದ ಬಗ್ಗೆ ದವಾಖಾನ್ಯಾಗ ಕೇಳ್ರಿ. ಜನೌಷಧಿ ಅಂಗಡಿಯಾಗ ಗುಳಗಿ ರೇಟು ಕೇಳಿ ನೋಡ್ರಿ. ನಮಗ ಹತ್ತಿರ ಹುಬ್ಬಳ್ಳಿ ನವನಗರದಾಗ ಕ್ಯಾನ್ಸರ್ ದವಾಖಾನಿ ಐತಿ, ಬೆಂಗಳೂರಾಗ ಸರ್ಕಾರಿ ಕಿದ್ವಾಯಿ ಸಂಸ್ಥೆ ಐತಿ.

ಹಿರೇಕೆರೂರಿನವ್ರು ನನ್ನ ಮಾತು ಕೇಳಿ ಅವತ್ತ ಮಧ್ಯಾಹ್ನ ಹುಡುಗನ್ನ ಕರಕೊಂಡು ಹುಬ್ಬಳ್ಳಿಗೆ ಹೋದ್ರು. ನಿನ್ನೆ ರಾತ್ರಿ ಫೋನ್ ಬಂತು. ಗುಳಗಿ ಸದ್ಯಕ್ಕ ನಿಲ್ಲಿಸ್ಯಾರ, ಇಟಗೊಂಡಾರ, ತಪಾಸಣಿ ನಡದಾವ. ಇನ್ನೂ ಏನೂ ಹೇಳಾಕ ಬರಂಗಿಲ್ಲ. ಹುಡುಗ ಫೋನ್ ಇಸಗೊಂಡು ಕೇಳಿದ: "ಕಾಕಾ, ನಿಮಗೂ ಹಿಂಗ ಆಗಿತ್ತಂತಲ್ರಿ, ಈಗ ಹೊಲಕ್ಕ ಹೋಗತೀರಿ?"

"ಈಗ ಹೊಲದಾಗಿಂದ ಬಂದೆ ತಮ್ಮಾ, ಕಾಲು ಇನ್ನೂ ತೊಳದಿಲ್ಲ" ಅಂದೆ. ಅಂವಾ ನಕ್ಕ.

ಇದನ್ನ ಬರಿಯೋ ಮುಂಚೆ ಮಗಳನ್ನ ಕೇಳಿದೆ, ಊರಿಗೆಲ್ಲಾ ಗೊತ್ತಾಗತೈತಿ, ನಿನ್ನ ಸಂಬಂಧಕ್ಕ ತೊಂದ್ರಿ ಆದೀತು ಅಂತ. "ಅದಕ್ಕ ಹಿಂದ ಸರಿಯೋ ಮನಿ ನನಗೂ ಬ್ಯಾಡಪ್ಪಾ, ಬರಿ" ಅಂದಳು. ಅವ್ವಗ ಓದಿ ಹೇಳಿದೆ. ಕಷಾಯದ ಭಾಗ ಬಂದಾಗ ತಲಿ ತಗ್ಗಿಸಿದಳು. ತಗದು ಹಾಕ್ಲೇನು ಅಂದೆ. "ಇರಲಿ ಬಿಡು. ಯಾರರ ತಾಯಿ ಓದಲಿ" ಅಂದಳು.

ಪುನರ್ವಸು ಮಳಿ ಚಲೋ ಹಿಡದೈತಿ. ನೀರು ನಿಂತ ಹೊಲದಾಗ ಬಸಿಗಾಲುವಿ ತಗೀರಿ. ಲದ್ದಿಹುಳದ್ದು ಮುಂದಿನ ವಾರ, ತಪ್ಪದ.

ನಮಸ್ಕಾರ್ರಿ.